ವಾಸಿಯಾದ ಮೇಲೆ

ಆ ಆರೋಗ್ಯ ಕೇಂದ್ರದಲ್ಲಿ ನಮಗೆ ಸಿಕ್ಕ ಕೋಣೆ ಮೊದಲು ಉಗ್ರಾಣವಾಗಿತ್ತು. ಗ್ಲೂಕೋಸ್ ಬಾಟಲಿಯ ರಟ್ಟಿನ ಪೆಟ್ಟಿಗೆಗಳು, ಕೆಟ್ಟುಹೋದ ತೂಕದ ಯಂತ್ರ, ಹಳೇ ಅಭಿಯಾನಗಳ ಬ್ಯಾನರು, ಎಲ್ಲವನ್ನೂ ಒಂದು ಮೂಲೆಗೆ ಒತ್ತರಿಸಿ ಎರಡು ಕುರ್ಚಿ ಹಾಕುವಷ್ಟು ಜಾಗ ಮಾಡಿಕೊಟ್ಟವರು ಅಲ್ಲಿನ ವೈದ್ಯಾಧಿಕಾರಿಗಳೇ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಒಳಗಿನ ಮಾತು ಹೊರಗೆ ಕೇಳುತ್ತದೆ ಎಂದು ನಾನು ಹೇಳಿದ ಮಾರನೆಯ ದಿನವೇ ಬಡಗಿಯನ್ನು ಕರೆಸಿ ಸರಿ ಮಾಡಿಸಿದರು. ಬೇರೆ ಎರಡು ಕೇಂದ್ರಗಳಲ್ಲಿ ನಮ್ಮ ಕಾರ್ಯಕರ್ತೆಯರು ಆಗಲೂ ಜಗಲಿಯ ಮೇಲೆ ಕೂತಿದ್ದರು. ಒಂದು ಕಡೆಯಂತೂ ಅವರನ್ನು ಹೊರರೋಗಿಗಳ ಚೀಟಿ ಬರೆಯಲು ಹಚ್ಚಿದ್ದರು.

ಹೆಬ್ಬಾಳದಿಂದ ವಿಮಾನ ನಿಲ್ದಾಣದ ಕಡೆಗೆ ಎತ್ತರಿಸಿದ ರಸ್ತೆ ತೆರೆದು ಹೆಚ್ಚು ಕಾಲವಾಗಿರಲಿಲ್ಲ. ಸಂಜಯನಗರದಲ್ಲಿ ಬಾಡಿಗೆ ಮನೆಯ ಮಹಡಿಯೊಂದನ್ನು ಕಚೇರಿ ಮಾಡಿಕೊಂಡಿದ್ದ ಒಂದು ಸ್ವಯಂಸೇವಾ ಸಂಸ್ಥೆ, ಯಲಹಂಕದಿಂದ ಆಚೆಗಿನ ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕರ್ತೆಯರನ್ನು ಕೂರಿಸುವ ಯೋಜನೆ ಹಾಕಿಕೊಂಡಿತ್ತು. ಬಿ.ಪಿ.ಗೆ, ಸಕ್ಕರೆ ಕಾಯಿಲೆಗೆ, ನಿದ್ದೆ ಬರುವುದಿಲ್ಲವೆಂದು ಮಾತ್ರೆಗೆ ಬರುವ ಜನ ಮನೋವೈದ್ಯರ ಬಾಗಿಲಿಗೆ ಹೋಗುವುದಿಲ್ಲ. ಆದ್ದರಿಂದ ಅವರು ಬರುವ ಕಡೆಯಲ್ಲೇ, ಅವರ ಮಾತಿನಲ್ಲೇ ವಿಚಾರಿಸುವ ಒಬ್ಬರು ಇರಲಿ ಎಂಬುದು ಉದ್ದೇಶ. ಮಾತ್ರೆ ಬೇಕಾದರೆ ಕೇಂದ್ರದ ವೈದ್ಯರೇ ಬರೆಯುತ್ತಾರೆ. ಉಳಿದದ್ದು ಕಾರ್ಯಕರ್ತೆಯ ಪಾಲು. ಆ ಕಾರ್ಯಕರ್ತೆಯರಿಗೆ ತರಬೇತಿ ಕೊಡುವುದು ನನ್ನ ಪಾಲು.

ಇಲ್ಲಿ ಬರುವವರ ಗುರುತು ಸಿಗದಂತೆ ಊರು, ವಯಸ್ಸು, ಮನೆಮಂದಿಯ ವಿವರ ಬದಲಿಸಿದ್ದೇನೆ. ಆದರೂ ಯಾರಾದರೂ ತಮ್ಮನ್ನು ಕಂಡುಕೊಂಡರೆ ಅದು ಅವರಿಗೆ ಮಾತ್ರ ತಿಳಿಯುವಂಥದ್ದು.

ಆ ಕೇಂದ್ರಕ್ಕೆ ನಾನು ನೇಮಿಸಿದವಳು ಚಿಕ್ಕಜಾಲದ ಕಡೆಯ ಹೆಣ್ಣುಮಗಳು. ಬಿ.ಎ. ಮಾಡಿದ್ದಳು. ಹೊಸ ಅಪಾರ್ಟ್‌ಮೆಂಟೊಂದರ ಕಚೇರಿಯಲ್ಲಿ ಬಂದುಹೋಗುವವರ ವಿಚಾರಣೆಗೆ ಕೂತಿದ್ದವಳು ಆ ಕೆಲಸ ಬಿಟ್ಟು ನಮ್ಮ ತರಬೇತಿಗೆ ಸೇರಿದ್ದಳು. ಮೊದಮೊದಲು ಅವಳದೊಂದು ತೊಂದರೆಯಿತ್ತು: ಎದುರಿಗಿದ್ದವರು ಕಷ್ಟ ಹೇಳಿ ಮುಗಿಸುವ ಮೊದಲೇ ಪರಿಹಾರ ಹೇಳಿಬಿಡುತ್ತಿದ್ದಳು. ಹಾಲು ಕುಡಿದು ಮಲಗಿ, ತವರಿಗೆ ಹೋಗಿ ಬನ್ನಿ, ಗಂಡನ ಜೊತೆ ಕೂತು ಮಾತಾಡಿ. ಅದನ್ನು ಬಿಡಿಸುವುದಕ್ಕೆ ನನಗೆ ವಾರಗಳೇ ಹಿಡಿದವು. ಕುರ್ಚಿಗಳನ್ನು ಎದುರುಬದುರು ಇಡಬಾರದು, ಸ್ವಲ್ಪ ಓರೆಯಾಗಿಡಬೇಕು. ಆಗ ನೋಡಬೇಕೆನಿಸಿದರೆ ನೋಡಬಹುದು, ಬೇಡವೆನಿಸಿದರೆ ಗೋಡೆ ನೋಡಬಹುದು. ಎದುರಿನವರು ಸುಮ್ಮನಾದಾಗ ನೀವೂ ಸುಮ್ಮನಿರಬೇಕು. ಖಿನ್ನತೆ ಎಂಬ ಪದ ಬೇಡ. ನಿದ್ದೆ, ಊಟ, ಸುಸ್ತು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ತಾನು ಯಾವ ಪ್ರಯೋಜನಕ್ಕೂ ಬಾರದವಳು ಅನ್ನಿಸುವುದು, ಹೀಗೆ ಒಂದೊಂದಾಗಿ ಕೇಳಬೇಕು. ಕೊನೆಗೆ ಸಾವಿನ ಪ್ರಶ್ನೆಯನ್ನು ಸುತ್ತಿಬಳಸದೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಎಲ್ಲರೂ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದ್ದಕ್ಕೆ ಜನಕ್ಕೆ ಹಗುರವಾಗುತ್ತದೆ ಎಂದು ನಾನು ಎಷ್ಟು ಹೇಳಿದರೂ ತರಗತಿಯಲ್ಲಿ ಆ ಪ್ರಶ್ನೆ ಬಂದಾಗ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅದು ಭಯದ ನಗು.

ವೈದ್ಯರು ಅವಳಿಗೆ ಬಿ.ಪಿ. ನೋಡುವುದನ್ನು ಕಲಿಸಿದರು. ಕೋಣೆಯ ಒಳಗೆ ಬಂದವರು ಬಿ.ಪಿ. ನೋಡಿಸಿಕೊಳ್ಳಲು ಹೋದರು ಅಂತ ಹೊರಗಿನವರು ತಿಳಿದುಕೊಳ್ಳಲಿ ಎಂಬುದು ಅವರದೇ ಉಪಾಯ. ತಲೆನೋವು, ಎದೆ ಉರಿ ಎಂದು ಮೂರನೇ ಸಲ ಬಂದವರನ್ನು "ಆ ರೂಮಿಗೆ ಹೋಗಿ, ಬಿ.ಪಿ. ನೋಡ್ತಾರೆ" ಎಂದು ಕಳಿಸುತ್ತಿದ್ದರು. ಕೆಲವೇ ತಿಂಗಳಲ್ಲಿ ನಮ್ಮ ಎಲ್ಲ ಕೇಂದ್ರಗಳಲ್ಲಿ ಅದೇ ಮುಂದಿತ್ತು. ಅಪಾರ್ಟ್‌ಮೆಂಟಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ಹೆಂಗಸು, ವಾರವಾರ ಬಂದು ಬಾಗಿಲು ಮುಚ್ಚಿಕೊಂಡು ಅತ್ತು, ಮುಖ ತೊಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಗಂಡನ ಹೊಡೆತ ನಿಂತಿರಲಿಲ್ಲ. ಆದರೆ ಅವಳು ತಂಗಿಗೆ ವಿಷಯ ಹೇಳಿದ್ದಳು, ಊಟ ಮಾಡುತ್ತಿದ್ದಳು, ಸಾಯುವ ಮಾತು ಬಿಟ್ಟಿದ್ದಳು. ನಮ್ಮ ಕೆಲಸದಲ್ಲಿ ಅಷ್ಟಾದರೆ ದೊಡ್ಡದು.

ಆಮೇಲೆ ಒಂದು ಹೆರಿಗೆ ಕೆಟ್ಟಿತು. ಗರ್ಭಿಣಿಗೆ ರಕ್ತ ಹೋಗತೊಡಗಿದಾಗ ವೈದ್ಯರು ತಡಮಾಡದೆ ದೊಡ್ಡಾಸ್ಪತ್ರೆಗೆ ಬರೆದರು. ಆಂಬುಲೆನ್ಸ್ ಹೆಬ್ಬಾಳದ ಹತ್ತಿರ ವಾಹನಗಳ ನಡುವೆ ಸಿಕ್ಕಿಕೊಂಡಿತು. ಹೋಗಿ ಸೇರುವಷ್ಟರಲ್ಲಿ ತಾಯಿ ಉಳಿಯಲಿಲ್ಲ. ಮಾರನೆಯ ದಿನ ಅವಳ ಕಡೆಯವರು ಕೇಂದ್ರದ ಮುಂದೆ ಸೇರಿ, ವೈದ್ಯರ ಅಂಗಿ ಹಿಡಿದು ಎಳೆದಾಡಿದರು. ಮೇಲಿನವರು ವಿಚಾರಣೆ ಮಾಡಿ, ವೈದ್ಯರದು ತಪ್ಪಿಲ್ಲ ಎಂದರು. ಎಲ್ಲರೂ ಅಲ್ಲಿಗೆ ಮುಗಿಯಿತು ಅಂದುಕೊಂಡರು.

ವಾರಕ್ಕೊಮ್ಮೆ ನಾನು ಹೋಗಿ ಕಾರ್ಯಕರ್ತೆಯ ಜೊತೆ ಕೂತು ಅವಳು ನೋಡಿದವರ ಬಗ್ಗೆ ಕೇಳುತ್ತಿದ್ದೆ. ಅಂಥ ಒಂದು ದಿನ ಅವಳು ಎಲ್ಲರ ವಿಷಯ ಹೇಳಿ ಮುಗಿಸಿದ ಮೇಲೂ ಏಳಲಿಲ್ಲ.

"ಮೇಡಂ, ನೀವ್ ಏಳ್ಕೊಟ್ರಲ್ಲ ಪ್ರಶ್ನೆ, ಅವೆಲ್ಲ ನಮ್ ಡಾಕ್ಟ್ರಿಗೆ ಒಪ್ತವೆ. ನಾನೇನ್ ಕೇಳಿಲ್ಲ. ಸುಮ್ನೆ ನೋಡ್ತಾ ಇವ್ನಿ."

ಕಾರಿನಲ್ಲಿ ಬಂದವರು ಇಳಿಯದೆ ಬಹಳ ಹೊತ್ತು ಒಳಗೇ ಕೂತಿರುತ್ತಾರೆ, ಊಟದ ಡಬ್ಬಿ ಮುಚ್ಚಿದ ಹಾಗೇ ವಾಪಸು ಹೋಗುತ್ತದೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ, ಗರ್ಭಿಣಿಯರು ಬಂದರೆ ಮುಟ್ಟಿ ನೋಡದೆಯೇ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾರೆ ಎಂದಳು. ನಾನೂ ಗಮನಿಸಿದ್ದೆ. ಕೆಲಸದ ಒತ್ತಡ ಎಂದುಕೊಂಡು ಸುಮ್ಮನಾಗಿದ್ದೆ.

ಕಾರ್ಯಕರ್ತೆಯ ಮುಂದೆ ರೋಗಿ ಬಂದರೆ ಏನು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿ ವಿಧಾನವಿತ್ತು. ಮೇಜಿನ ಆ ಕಡೆ ಕೂರುವವರೇ ಕುಸಿದರೆ ಏನು ಮಾಡಬೇಕು ಎಂಬುದು ಎಲ್ಲೂ ಇರಲಿಲ್ಲ. ಯೋಜನೆಯ ಮುಖ್ಯಸ್ಥರನ್ನು ಕೇಳಿದೆ. ಅವರು ಸ್ವತಃ ಮನೋವೈದ್ಯರು. ಹೆಸರು, ಕೇಂದ್ರ ಯಾವುದನ್ನೂ ಹೇಳದೆ, ಕೇಂದ್ರದ ಸಿಬ್ಬಂದಿಯಲ್ಲೇ ಯಾರಿಗಾದರೂ ಹೀಗೆ ಕಂಡುಬಂದರೆ ನಾವೇನು ಮಾಡಬೇಕು ಎಂದೆ. ಯಾರು ಎಂದು ಅವರು ಕೇಳಲಿಲ್ಲ.

"ನೋಡ್ರೀ, ಅವರು ನಮ್ಮ ಪೇಶೆಂಟ್ ಅಲ್ಲ. ನಮಗೆ ಜಾಗ ಕೊಟ್ಟಿರೋರು. ಅವರ ವಿಷಯಕ್ಕೆ ಕೈ ಹಾಕಿದ್ರೆ ನಾವು ಅಲ್ಲಿಂದ ಹೊರಗೆ" ಎಂದರು.

ಅವರು ಹೇಳಿದ್ದು ಮುಂದೆ ಅಕ್ಷರಶಃ ನಿಜವಾಯಿತು. ಆಗ ನನಗೆ ಅದು ಹೇಡಿತನದ ಮಾತಾಗಿ ಕೇಳಿಸಿತ್ತು.

ಮುಂದಿನ ವಾರ ನಾನು ಹೋದಾಗ ಔಷಧಿ ಕೊಡುವವರು ವೈದ್ಯರ ಮುಂದೆ ಒಂದು ಚೀಟಿ ಹಿಡಿದು ನಿಂತಿದ್ದರು. ವಯಸ್ಸಾದ ಒಬ್ಬರಿಗೆ ಬಿ.ಪಿ. ಮಾತ್ರೆ ಬರೆಯಬೇಕಾದ್ದಕ್ಕಿಂತ ಬಹಳ ಹೆಚ್ಚು ಬರೆದುಹೋಗಿತ್ತು. ವೈದ್ಯರು ತಿದ್ದಿಕೊಟ್ಟರು. ಆಮೇಲೆ ನಗುತ್ತಲೇ, "ನಾನಿಲ್ದೇ ಇದ್ರೆ ಈ ಜನ ಇನ್ನೂ ಚೆನ್ನಾಗಿರ್ತಾರೆ ಕಣಯ್ಯಾ" ಎಂದರು. ಔಷಧಿಯವರು ತಾವೂ ನಕ್ಕು ಹೋದರು. ಕಾರ್ಯಕರ್ತೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಅಂಥ ಮಾತು ಕಿವಿಗೆ ಬಿದ್ದ ಮೇಲೆ ಕೇಳದೆ ಮನೆಗೆ ಹೋಗಕೂಡದು ಎಂದು ಅವಳಿಗೆ ಕಲಿಸಿದ್ದವಳು ನಾನೇ.

ಹೊರರೋಗಿಗಳು ಮುಗಿಯುವವರೆಗೆ ಕಾದೆ. ಅಷ್ಟು ಹೊತ್ತೂ ಯೋಜನೆ, ಕೋಣೆ, ಅದುವರೆಗೆ ಬಂದ ರೋಗಿಗಳು ಎಲ್ಲವನ್ನೂ ಲೆಕ್ಕ ಹಾಕಿದೆ. ಲೆಕ್ಕ ಯಾವ ಕಡೆಗೂ ಸರಿಹೋಗಲಿಲ್ಲ. ಕೊನೆಗೆ ಎದ್ದು ಅವರ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಕೂತೆ. ಕಾರ್ಯಕರ್ತೆಯನ್ನೂ ಕರೆದುಕೊಂಡಿದ್ದೆ, ನಾನು ಹೊರಟುಹೋದ ಮೇಲೆ ಅಲ್ಲಿ ದಿನವೂ ಇರುವವಳು ಅವಳು. ಅವಳು ಇರಬಹುದೇ ಎಂದು ಮೊದಲು ಅವರನ್ನೇ ಕೇಳಿದೆ. ಇರಲಿ ಎಂದರು.

ನಿದ್ದೆಯಿಂದ ಶುರುಮಾಡಿದೆ. ಊಟ ಕೇಳಿದೆ. ಅವರಿಗೆ ಪ್ರಶ್ನೆಗಳು ಬಾಯಿಪಾಠ. ನಾನು ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿದು ಮುಖದಲ್ಲಿ ಒಂದು ತಾತ್ಸಾರದ ನಗು ಇತ್ತು. ಕೊನೆಯ ಪ್ರಶ್ನೆ ಕೇಳಿದೆ.

"ಡಾಕ್ಟ್ರೇ, ಸಾಯ್ಬೇಕು ಅಂತ ಅನ್ಸುತ್ತಾ?"

ನಗು ಹೋಯಿತು. ಮೇಜಿನ ಮೇಲಿನ ಸ್ಟೆತಾಸ್ಕೋಪನ್ನು ಸುತ್ತಿ ಸುತ್ತಿ ಚಿಕ್ಕದು ಮಾಡಿದರು. ನಾವು ಸುಮ್ಮನೆ ಕೂತೆವು.

"ದಿನಾ ಅನ್ಸುತ್ತೆ ಮೇಡಂ. ಬರೋವಾಗ ಕಾರಲ್ಲಿ" ಎಂದರು.

ಅಂದು ಅಲ್ಲಿಂದ ಏಳುವಾಗ ತುಂಬ ತಡವಾಗಿತ್ತು. ಕ್ರಮ ಬಿಡಲಿಲ್ಲ. ಮನೆಯಲ್ಲಿ ಯಾರಿಗೆ ಹೇಳಬಹುದು ಎಂಬುದನ್ನು ಅವರೇ ಆರಿಸಲಿ ಎಂದೆ. ಹೆಂಡತಿ ಎಂದರು. ಅವರೆದುರಿಗೇ ಫೋನ್ ಮಾಡಿ, ಅವರು ಒಪ್ಪಿದಷ್ಟನ್ನು ಮಾತ್ರ ಆಕೆಗೆ ತಿಳಿಸಿದೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಆಕೆ ತಮ್ಮ ಸುಪರ್ದಿಗೆ ತೆಗೆದುಕೊಂಡರು. ಬೆಂಗಳೂರಿನ ಮನೋವೈದ್ಯರು ಬೇಡವೇ ಬೇಡ, ಅರ್ಧ ಜನ ಪರಿಚಯದವರು, ಸರ್ಕಾರಿ ಕೆಲಸದಲ್ಲಿ ಇಂಥದ್ದು ಹರಡಿದರೆ ಜನ್ಮಪೂರ್ತಿ ಬಿಡುವುದಿಲ್ಲ ಎಂದರು ವೈದ್ಯರು. ತುಮಕೂರಿನಲ್ಲಿ ನನಗೆ ಗೊತ್ತಿದ್ದ ಒಬ್ಬರನ್ನು ಒಪ್ಪಿಸಿದೆ. ವಾರ ಕಳೆಯುವುದರೊಳಗೆ ಗಂಡಹೆಂಡತಿ ಹೋಗಿಬಂದರು. ಮಾತ್ರೆ ಶುರುವಾಯಿತು.

ವೈದ್ಯರು ಒಂದೇ ಮಾತು ಕೇಳಿದ್ದರು: ಯಾವ ಕಾರಣಕ್ಕೂ ಯೋಜನೆಯವರಿಗೆ, ಇಲಾಖೆಯವರಿಗೆ, ಕೇಂದ್ರದಲ್ಲಿ ಯಾರಿಗೂ ತಿಳಿಯಬಾರದು. ನಾವಿಬ್ಬರೂ ಆಗಲಿ ಎಂದೆವು. ಬೇರೆ ಯಾವ ರೋಗಿಗೂ ಕೊಡುವ ಮಾತೇ ಅದು. ಅದರಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ.

ಮಾತ್ರೆ ಹಿಡಿಯುವುದಕ್ಕೆ ಒಂದೆರಡು ವಾರ ಬೇಕು. ಅಷ್ಟರಲ್ಲಿ ದಿನವೂ ಕಣ್ಣಿಡಲು ಒಬ್ಬರು ಬೇಕಿತ್ತು. ಹೊರರೋಗಿಗಳು ಮುಗಿದ ಮೇಲೆ ಅವರು ನಮ್ಮ ಕೋಣೆಗೆ ಹೋಗಿ, ರೋಗಿಗಳ ಕುರ್ಚಿಯಲ್ಲಿ ಕೂತು ಅವಳ ಜೊತೆ ಮಾತಾಡತೊಡಗಿದರು. ಅವಳು ಬೇರೆಯವರಿಗೆ ಮಾಡುವುದನ್ನೇ ಅವರಿಗೂ ಮಾಡಿದಳು. ಮೊದಲು ಇಷ್ಟವಾಗಿದ್ದ ಕೆಲಸ ಯಾವುದು, ಅದರಲ್ಲಿ ಎಷ್ಟು ಚಿಕ್ಕ ತುಂಡು ನಾಳೆ ಮಾಡಬಹುದು. ಅವರು ಹಿಂದೆ ಯಲಹಂಕ ಕೆರೆಯ ಸುತ್ತ ನಡೆಯುತ್ತಿದ್ದರಂತೆ. ಪೂರ್ತಿ ಸುತ್ತು ಬೇಡ, ಗೇಟಿನವರೆಗೆ ಹೋಗಿ ಬನ್ನಿ ಎಂದಳು. ಮಧ್ಯಾಹ್ನ ಒಬ್ಬರೇ ಕೂರಬೇಡಿ, ನರ್ಸಮ್ಮನವರ ಜೊತೆ ಡಬ್ಬಿ ತೆಗೆಯಿರಿ ಎಂದಳು. ಸತ್ತುಹೋದ ಆ ಹೆಣ್ಣುಮಗಳ ಹೆಸರನ್ನು ಅವರು ಹೇಳಲು ಸುಮಾರು ದಿನ ಬೇಕಾಯಿತಂತೆ. ಹೇಳಿದ ದಿನ ಬಹಳ ಅತ್ತರಂತೆ. ಅಷ್ಟನ್ನು ಮಾತ್ರ ನನಗೆ ಹೇಳಿದಳು, ನಾನು ಅವಳ ಮೇಲ್ವಿಚಾರಕಿ ಎಂಬ ಕಾರಣಕ್ಕೆ. ಏನು ಅಂದರು ಎಂಬುದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವರು ಗುಣವಾದರು. ನಿಧಾನಕ್ಕೆ, ಆದರೆ ಚೆನ್ನಾಗಿಯೇ. ಗರ್ಭಿಣಿಯರನ್ನು ಮತ್ತೆ ತಾವೇ ನೋಡತೊಡಗಿದರು. ಔಷಧಿಯವರನ್ನು ಗದರುವ ಹಳೇ ದನಿ ಬಂತು. ಕೆಲಸಕ್ಕೆ ಬಂದ ಮೇಲೆ ನನಗೆ ಅಷ್ಟು ಸಂತೋಷವಾದ ಕಾಲ ಇನ್ನೊಂದಿಲ್ಲ. ಹೇಳಿಕೊಳ್ಳಲು ಬರದ ಸಂತೋಷ.

ಗುಣವಾದ ಮೇಲೆ ವೈದ್ಯರು ಮೊದಲು ನಿಲ್ಲಿಸಿದ್ದು ನಮ್ಮ ಕೋಣೆಗೆ ರೋಗಿಗಳನ್ನು ಕಳಿಸುವುದನ್ನು. ನಿದ್ದೆಯಿಲ್ಲ ಎಂದವರಿಗೆ ನಿದ್ದೆ ಮಾತ್ರೆ ಬರೆದು ಕಳಿಸಿದರು. ಆಮೇಲೆ, 'ಏನಮ್ಮಾ' ಎಂದು ಅವಳನ್ನು ಕರೆಯುತ್ತಿದ್ದವರು ಕರೆಯುವುದನ್ನೇ ಬಿಟ್ಟರು. ಏನಾದರೂ ಹೇಳಬೇಕಾದರೆ ನರ್ಸಮ್ಮನ ಕೈಲಿ ಹೇಳಿಸುತ್ತಿದ್ದರು. ಒಂದು ದಿನ ರೋಗಿಗಳ ಎದುರಿಗೇ, ನೀನೇನು ಡಾಕ್ಟರಾ, ನಿನ್ನ ಹದ್ದಿನಲ್ಲಿರು ಎಂದರಂತೆ. ಅವಳು ಮಾಡಿದ್ದು ಇಷ್ಟೇ: ಒಬ್ಬ ಮುದುಕಿ ಮಾತ್ರೆ ಅರ್ಧಕ್ಕೇ ನಿಲ್ಲಿಸಿದ್ದಾಳೆ ಎಂದು ಅವರಿಗೆ ತಿಳಿಸಲು ಹೋಗಿದ್ದಳು.

ನಂತರ ಲಸಿಕೆಯ ಫ್ರಿಜ್ ಇಡಲು ಜಾಗವಿಲ್ಲ ಎಂಬ ಮಾತು ಬಂತು. ಫ್ರಿಜ್ಜು ಅದುವರೆಗೆ ಇದ್ದ ಜಾಗದಲ್ಲಿ ಚೆನ್ನಾಗಿಯೇ ಇತ್ತು. ನಮ್ಮ ಕುರ್ಚಿಗಳನ್ನು ಹೊರಗಿನ ಜಗಲಿಗೆ ತಂದಿಟ್ಟರು. ಅವಳು ಅಲ್ಲೇ ಕೂತಳು, ಸುತ್ತ ಚೀಟಿ ಹಿಡಿದ ಜನ. ನೆಲ ಒರೆಸುವ ಕೆಲಸದ ಹೆಂಗಸು ಆ ವಾರ ಬಂದಳಂತೆ. ಕುರ್ಚಿಯನ್ನೂ ಜನರನ್ನೂ ನೋಡಿ, ಬಿ.ಪಿ. ನೋಡಮ್ಮ ಎಂದು ತೋಳು ಚಾಚಿದಳಂತೆ. ನೋಡಿಸಿಕೊಂಡು, ಸೆರಗು ಸರಿಮಾಡಿಕೊಂಡು ಹೋದವಳು ಮತ್ತೆ ಬರಲಿಲ್ಲ. ಅವಳ ಫೋನು ಗಂಡನ ಕೈಯಲ್ಲಿರುತ್ತಿತ್ತು, ಹಾಗಾಗಿ ಕರೆ ಮಾಡುವಂತಿರಲಿಲ್ಲ. ಅವಳಿಗೆ ಏನಾಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ.

ನಾನು ವೈದ್ಯರ ಬಳಿ ಹೋದೆ. ಕೋಪ ಮಾಡಿಕೊಂಡೇ ಹೋಗಿದ್ದೆ. ಫ್ರಿಜ್ಜಿನ ವಿಷಯ ಸ್ವಲ್ಪ ಹೊತ್ತು ಮಾತಾಡಿದೆವು, ಇಬ್ಬರಿಗೂ ಅದು ಸುಳ್ಳೆಂದು ಗೊತ್ತಿದ್ದೂ. ಕೊನೆಗೆ ಅವರೇ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಆ ಹುಡುಗಿ ಎದುರಿಗೆ ಬಂದ್ರೆ ನಾನು ಅತ್ತಿದ್ದು ನೆನಪಾಗುತ್ತೆ ಮೇಡಂ. ಅವಳು ಏನೂ ಅನ್ನಲ್ಲ, ನಂಗೊತ್ತು. ಅವಳು ನೋಡ್ತಾಳಲ್ಲ, ಚೆನ್ನಾಗಿದೀರಾ ಅನ್ನೋ ಥರ. ಅದನ್ನ ತಡ್ಕೊಳೋಕ್ಕಾಗಲ್ಲ."

"ಅವಳು ಎಲ್ಲರನ್ನೂ ಹಾಗೇ ನೋಡ್ತಾಳೆ ಸರ್" ಎಂದೆ.

"ನಾನು ಎಲ್ಲರಲ್ಲ" ಎಂದರು. "ನೀವಿಬ್ರೂ ನಂಗೆ ಒಳ್ಳೇದು ಮಾಡಿದ್ರಿ. ಅದಕ್ಕೇ ನಿಮ್ಮನ್ನ ಇಲ್ಲಿ ಇಟ್ಕೊಳೋಕೆ ಆಗ್ತಿಲ್ಲ" ಎಂದರು.

ನೀವೇ ಬೇರೆ ಕಡೆ ವರ್ಗ ಕೇಳಬಹುದಲ್ಲವೇ ಎಂದೆ. ನಾನ್ಯಾಕೆ ಹೋಗಲಿ ಎಂದರು. ಅಲ್ಲಿಗೆ ಮಾತು ಮುಗಿಯಿತು.

ಅವರು ನಮ್ಮ ಮುಖ್ಯಸ್ಥರಿಗೆ ಫೋನ್ ಮಾಡಿ, ಕಾರ್ಯಕರ್ತೆ ಚಿಕಿತ್ಸೆಯಲ್ಲಿ ಕೈ ಹಾಕುತ್ತಾಳೆ, ಸಿಬ್ಬಂದಿಯ ಖಾಸಗಿ ವಿಷಯ ಕೆದಕುತ್ತಾಳೆ ಎಂದು ದೂರಿದರು. ಎರಡನೆಯ ಮಾತನ್ನು ಅವರು ಯಾಕೆ ಸೇರಿಸಿದರೋ. ನಾಳೆ ನಾವು ಬಾಯಿಬಿಟ್ಟರೆ ಯಾರೂ ನಂಬದಿರಲಿ ಎಂದೇ ಇರಬೇಕು. ಹಾಗೆಂದುಕೊಂಡಾಗ ನನಗೆ ಅವರ ಮೇಲಿದ್ದ ಕನಿಕರದ ಕೊನೆಯ ತೊಟ್ಟೂ ಆರಿತು.

ಸಂಜಯನಗರದ ಕಚೇರಿಯಲ್ಲಿ ಸಭೆ ಕರೆದರು. ಮುಖ್ಯಸ್ಥರು ನನ್ನನ್ನು ಕೇಳಿದರು: ಎಲ್ಲ ಕೇಂದ್ರಗಳಿಗಿಂತ ಚೆನ್ನಾಗಿ ನಡೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ಹೀಗೆ ಕೆಡಲು ಏನು ಕಾರಣ? ನಾನು ಕಾರಣ ಗೊತ್ತಿಲ್ಲ ಎಂದೆ. ಹಾಗಾದರೆ ನಿಮ್ಮ ಮೇಲ್ವಿಚಾರಣೆ ಎಂಥದ್ದು ಎಂದರು. ಆ ಪ್ರಶ್ನೆ ನ್ಯಾಯವಾದದ್ದೇ. ಅವರಿಗೆ ಹಿಂದೆ ನಾನು ಕೇಳಿದ್ದು ನೆನಪಾಯಿತೋ ಇಲ್ಲವೋ, ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಆಮೇಲೆ ಕಾರ್ಯಕರ್ತೆಯ ಕಡೆ ತಿರುಗಿದರು.

"ನೀನ್ ಹೇಳಮ್ಮ. ಡಾಕ್ಟರ್ ಜೊತೆ ಏನಾಯ್ತು?"

ಅವಳು ಹೇಳಬಹುದಿತ್ತು. ಒಂದೇ ವಾಕ್ಯ ಸಾಕಿತ್ತು. ಮನೆಯಲ್ಲಿ ಅತ್ತೆಯನ್ನು ಎದುರುಹಾಕಿಕೊಂಡು ಬಂದ ಕೆಲಸ ಅದು. ಊರಿನಲ್ಲಿ ಅವಳನ್ನು ಆಗಲೇ ಮನಸ್ಸಿನ ಡಾಕ್ಟ್ರಮ್ಮ ಎನ್ನುತ್ತಿದ್ದರು. ಹೇಳಿಬಿಡಲಿ ಎಂದು ನನ್ನ ಮನಸ್ಸಿನ ಒಂದು ಭಾಗ ಬಯಸುತ್ತಿತ್ತು.

"ಏನೂ ಆಗ್ಲಿಲ್ಲ ಸಾರ್. ನನ್ಗೂ ಅವ್ರಿಗೂ ಒಂದ್ಕೊಂಡ್ ಬರ್ಲಿಲ್ಲ" ಎಂದಳು.

ಆ ಕೇಂದ್ರವನ್ನು ಯೋಜನೆಯಿಂದ ಕೈಬಿಟ್ಟರು. ಬೇರೆ ಕೇಂದ್ರದಲ್ಲಿ ಜಾಗವಿಲ್ಲ ಎಂದು ಅವಳನ್ನೂ ಕೈಬಿಟ್ಟರು. ಹೊಂದಿಕೊಂಡು ಹೋಗದವಳು ಎಂಬ ಮಾತು ಅಂಟಿದ ಮೇಲೆ ಎಲ್ಲಿ ಜಾಗ ಇರುತ್ತದೆ. ವೈದ್ಯರೊಡನೆ ಬಾಂಧವ್ಯ ಬೆಳೆಸುವುದು ಹೇಗೆ ಎಂಬುದಕ್ಕೆ ಒಂದು ಹೊಸ ಪಾಠ ಸೇರಿಸುವಂತೆ ನನಗೆ ಹೇಳಿದರು. ನಾನು ಸೇರಿಸಿದೆ. ಹೊಟ್ಟೆಪಾಡು. ಇನ್ನೂ ಒಂದು ತಂಡಕ್ಕೆ ಅದನ್ನು ಕಲಿಸಿ, ಆಮೇಲೆ ಆ ಕೆಲಸ ಬಿಟ್ಟೆ.

ಸಭೆಯ ದಿನ ಅವಳನ್ನು ಬಸ್ಸು ಹತ್ತಿಸಲು ಹೆಬ್ಬಾಳದವರೆಗೆ ಜೊತೆಗೆ ಹೋಗಿದ್ದೆ. ಸೇತುವೆಯ ಕೆಳಗೆ ನಿಂತು, ಕ್ಷಮಿಸು ಎಂದೋ ಧೈರ್ಯ ತಂದುಕೋ ಎಂದೋ ಏನೋ ಹೇಳಲು ಹೊರಟಿದ್ದೆ. ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ. ವೈದ್ಯರ ಮಾತ್ರೆ ಇನ್ನೂ ಕೆಲವು ತಿಂಗಳು ಇದೆ, ಚೆನ್ನಾಗಿದ್ದೀನಿ ಅಂತ ಒಂದೇ ಸಲ ನಿಲ್ಲಿಸಿಬಿಟ್ಟರೆ ಮತ್ತೆ ಬರುತ್ತದೆ, ನೆನಪು ಮಾಡುವವರು ಯಾರು ಎಂದು ಕೇಳಿದಳು. ಅವರೇ ಡಾಕ್ಟರು, ಅವರಿಗೆ ಗೊತ್ತಿರುತ್ತದೆ ಬಿಡು ಎಂದೆ. ಸಿಟ್ಟಿನಲ್ಲೇ ಹೇಳಿದೆ. ಅವಳಿಗೆ ಬಾರದ ಸಿಟ್ಟು ನನಗೆ ಯಾಕೆ ಬರುತ್ತಿದೆ ಎಂದು ಅದರ ಮೇಲೂ ಸಿಟ್ಟು ಬಂತು.

ಯಲಹಂಕದ ಒಂದು ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸಕ್ಕೆ ಅವಳು ಸೇರಿದಳೆಂದು ತಿಳಿದು, ಕೆಲವು ತಿಂಗಳ ಮೇಲೆ ನೋಡಲು ಹೋದೆ. ಗಿರಾಕಿಗಳು ಕಡಿಮೆಯಾದಾಗ ಈಚೆ ಬಂದು ನಿಂತಳು. ವೈದ್ಯರಿಗೆ ಫೋನ್ ಮಾಡಿದ್ದಾಗಿ ಅವಳಾಗಿಯೇ ಹೇಳಿದಳು. ಮಾತ್ರೆಯನ್ನು ಒಂದೇ ಸಲ ನಿಲ್ಲಿಸಬಾರದು, ತುಮಕೂರಿನವರು ಹೇಳಿದ ಹಾಗೆ ಸ್ವಲ್ಪಸ್ವಲ್ಪವೇ ಇಳಿಸಬೇಕು, ನಿದ್ದೆ ಕೆಟ್ಟರೆ ಮೇಡಂನೋರಿಗೆ ತಿಳಿಸಬೇಕು, ಎಂದೆಲ್ಲ ಹೇಳಿದಳಂತೆ.

ಅವರು ಏನಂದರು ಎಂದು ಕೇಳಿದೆ.

"ರಾಂಗ್ ನಂಬರ್ ಅಂದ್ರು ಮೇಡಂ" ಎಂದಳು. "ಆದ್ರೆ ನಾನು ಏಳೋದ್ನೆಲ್ಲ ಏಳಿ ಮುಗ್ಸೋವರ್ಗೂ ಇಡ್ಲಿಲ್ಲ. ಎಲ್ಲಾ ಕೇಳಿಸ್ಕಂಡು, ಆಮೇಲೆ ಅಂದ್ರು."